ಕ್ರ್ಯಾಂಕ್ ಪುಲ್ಲಿ ಬಿಚ್ಚುವ ಮುನ್ನ: ಹಾರ್ಮೋನಿಕ್ ಬ್ಯಾಲೆನ್ಸರಿಗೆ ತಕ್ಕ ಸಲಕರಣೆಗಳನ್ನು ಆರಿಸುವ ಬಗೆ

ಕೊಡಗಿನಲ್ಲಿ ಮಳೆ ಹಿಡಿದಿರುವ ತಿಂಗಳುಗಳಲ್ಲಿ ತೋಟದ ಜೀಪಿಗೆ ಕೆಲಸ ಕಡಿಮೆ. ಅರೇಬಿಕಾ ಕಾಫಿಯ ಕೊಯ್ಲು ಶುರುವಾಯಿತೆಂದರೆ ರೋಬಸ್ಟಾ ಮುಗಿದು ಕೊನೆಯ ಮೂಟೆ ಗೋದಾಮು ಸೇರುವ ತನಕ ಅದಕ್ಕೆ ಬಿಡುವಿರುವುದಿಲ್ಲ. ಆದ್ದರಿಂದ ಎಂಜಿನ್ನಿನ ಮುಂಬದಿಯ ಆಯಿಲ್ ಸೀಲ್, ಟೈಮಿಂಗ್ ಚೈನ್, ಟೈಮಿಂಗ್ ಕವರಿನ ಗ್ಯಾಸ್ಕೆಟ್ ಇವುಗಳನ್ನು ಬದಲಿಸುವ ಕೆಲಸವಿದ್ದರೆ ಅಕ್ಟೋಬರ್ ಒಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಈ ಮೂರೂ ಕೆಲಸಗಳಲ್ಲಿ ದಾರಿಗೆ ಅಡ್ಡವಾಗಿ ಕೂತಿರುವುದು ಹಾರ್ಮೋನಿಕ್ ಬ್ಯಾಲೆನ್ಸರ್, ಅಂದರೆ ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟಿನ ಮುಂತುದಿಯಲ್ಲಿರುವ ಚಕ್ರ. ಗ್ಯಾರೇಜಿನ ಮಾತಿನಲ್ಲಿ ಕ್ರ್ಯಾಂಕ್ ಪುಲ್ಲಿ ಅಥವಾ ಡ್ಯಾಂಪರ್ ಪುಲ್ಲಿ. ಅದನ್ನು ಕಳಚಲು ಮತ್ತು ಮರಳಿ ಕೂರಿಸಲು ಯಾವ ಸಲಕರಣೆ ಬೇಕು, ಯಾವುದು ಬೇಡ ಎಂಬುದಷ್ಟೇ ಈ ಬರಹದ ವಿಷಯ.

ಮೊದಲ ಸಲ ನಾನು ಈ ಕೆಲಸಕ್ಕೆ ಕೈಹಾಕಿದ್ದು ಪಕ್ಕದ ತೋಟದವರ ಜೀಪಿನ ಮೇಲೆ. ಶೆಡ್ಡಿನಲ್ಲಿದ್ದ ಎರಡು ಕಾಲಿನ ಬೇರಿಂಗ್ ಪುಲ್ಲರನ್ನು (ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಸಲಕರಣೆ) ಪುಲ್ಲಿಯ ಹೊರ ಅಂಚಿಗೆ ಸಿಕ್ಕಿಸಿ ತಿರುಗಿಸಿದೆ. ಪುಲ್ಲಿ ಜರುಗಿದ ಹಾಗೆ ಕಂಡು ಸಂತೋಷವೂ ಆಯಿತು. ಆದರೆ ಜರುಗಿದ್ದು ಪುಲ್ಲಿಯಲ್ಲ, ಅದರ ಹೊರಗಿನ ಬಳೆ ಮಾತ್ರ. ಒಳಗಿನ ಹಬ್ ಕ್ರ್ಯಾಂಕಿನ ಮೇಲೆ ಇದ್ದಲ್ಲೇ ಇತ್ತು, ನಡುವಿನ ರಬ್ಬರು ಹರಿದುಹೋಗಿತ್ತು. ಹೊಸ ಪುಲ್ಲಿಗೆ ಹಣ ಕೊಟ್ಟದ್ದು ನಾನೇ.

ಆ ದಿನ ನನಗೆ ತಿಳಿದಿರಬೇಕಾಗಿದ್ದದ್ದು ಇದು. ಸಿಲಿಂಡರಿನಲ್ಲಿ ಇಂಧನ ಉರಿದಾಗಲೆಲ್ಲ ಕ್ರ್ಯಾಂಕ್‌ಶಾಫ್ಟಿಗೆ ಒಂದೊಂದು ಏಟು ಬೀಳುತ್ತದೆ. ಆ ಏಟಿಗೆ ಉಕ್ಕಿನ ಶಾಫ್ಟು ಕೂದಲೆಳೆಯಷ್ಟು ತಿರುಚಿ ಮತ್ತೆ ಮೊದಲಿನಂತಾಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಏಟಿನ ಲಯವೂ ಶಾಫ್ಟಿನ ಸಹಜ ಕಂಪನದ ಲಯವೂ ಕೂಡಿಕೊಂಡರೆ ತಿರುಚುವಿಕೆ ಬೆಳೆಯುತ್ತಾ ಹೋಗಿ ಕೊನೆಗೆ ಶಾಫ್ಟೇ ಬಿರುಕು ಬಿಡಬಹುದು. ಬ್ಯಾಲೆನ್ಸರಿನಲ್ಲಿ ಒಳಗೊಂದು ಹಬ್, ಹೊರಗೊಂದು ಭಾರವಾದ ಬಳೆ, ಇವೆರಡರ ನಡುವೆ ರಬ್ಬರಿನ ಪಟ್ಟಿ ಇರುತ್ತವೆ. ಶಾಫ್ಟು ತಿರುಚಿದಾಗ ಬಳೆ ತನ್ನ ಜಡತ್ವದಿಂದ ಹಿಂದೆ ಉಳಿಯುತ್ತದೆ, ರಬ್ಬರು ಎಳೆದಾಡಿ ಆ ಕಂಪನವನ್ನು ಶಾಖವಾಗಿ ಕರಗಿಸುತ್ತದೆ. ಅಂದರೆ ರಬ್ಬರು ಇರುವುದು ಸುತ್ತಿನ ದಿಕ್ಕಿನ ಸಣ್ಣ ಓಲಾಟಕ್ಕಾಗಿ. ಮುಂದಕ್ಕೆ ಎಳೆಯುವ ಟನ್ನುಗಟ್ಟಲೆ ಬಲವನ್ನು ತಡೆಯಲು ಅಲ್ಲ. ಎಳೆಯುವುದಿದ್ದರೂ ತಳ್ಳುವುದಿದ್ದರೂ ಬಲ ಹಬ್ಬಿನ ಮೇಲೆಯೇ ಬೀಳಬೇಕು. ಸಲಕರಣೆಯ ಆಯ್ಕೆಯೆಲ್ಲ ಈ ಒಂದು ಮಾತಿನಿಂದ ಹೊರಡುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಟಾರ್ಚ್ ಹಿಡಿದು ಪುಲ್ಲಿಯನ್ನು ಚೆನ್ನಾಗಿ ನೋಡಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್; ತಪ್ಪಾದ ಪುಲ್ಲರ್ ತಂದು ಅದನ್ನು ಬದಲಿಸಲು ಮತ್ತೊಮ್ಮೆ ಹೋಗುವುದೆಂದರೆ ಒಂದು ದಿನವೇ ಹೋಯಿತು. ನೋಡಬೇಕಾದದ್ದು ಇಷ್ಟು: ಪುಲ್ಲಿಯಲ್ಲಿ ರಬ್ಬರಿನ ಗೆರೆ ಇದೆಯೇ, ಅಥವಾ ಅದು ಇಡಿಯಾಗಿ ಎರಕ ಹೊಯ್ದ ಸಾದಾ ಪುಲ್ಲಿಯೇ? ಹಬ್ಬಿನ ಮುಖದಲ್ಲಿ ಥ್ರೆಡ್ ಇರುವ ಎರಡು ಅಥವಾ ಮೂರು ತೂತುಗಳಿವೆಯೇ? ತೂತುಗಳಿಲ್ಲದಿದ್ದರೆ ಹಬ್ಬಿಗೂ ಬಳೆಗೂ ನಡುವೆ ಚಕ್ರದಲ್ಲಿರುವಂತೆ ಕಡ್ಡಿಗಳೂ ಅವುಗಳ ನಡುವೆ ಕಿಂಡಿಗಳೂ ಇದ್ದು, ಆ ಕಿಂಡಿಯ ಮೂಲಕ ಹಬ್ಬಿನ ಹಿಂಬದಿಗೆ ಕೊಕ್ಕೆ ಹಾಕಲು ಜಾಗವಿದೆಯೇ? ಪುಲ್ಲಿಯ ಮುಂದೆ ರೇಡಿಯೇಟರಿನವರೆಗೆ ಎಷ್ಟು ಅಂತರವಿದೆ? ನಡುವಿನ ಬೋಲ್ಟಿನ ತಲೆ ಎಷ್ಟು ಮಿಲಿಮೀಟರಿನದು? ಇವುಗಳ ಉತ್ತರ ಬರೆದುಕೊಂಡು, ಫೋನಿನಲ್ಲಿ ಒಂದು ಚಿತ್ರವನ್ನೂ ತೆಗೆದುಕೊಂಡು ಹೋದರೆ ಅಂಗಡಿಯವರಿಗೂ ಅನುಕೂಲ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಪಲ್ಪರ್ ಮನೆಯಲ್ಲಿರುವ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕಡೆಯ) ಒಂಟಿ ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್ನಿನ ದೊಡ್ಡ ಚಕ್ರ ಬ್ಯಾಲೆನ್ಸರಲ್ಲ, ಫ್ಲೈವೀಲ್. ಅದನ್ನು ಸಾಮಾನ್ಯವಾಗಿ ಓರೆ ಕೀ (ಬೆಣೆಯಂಥ ಉಕ್ಕಿನ ತುಂಡು) ಬಡಿದು ಬಿಗಿದಿರುತ್ತಾರೆ, ಅದರ ಕಳಚುವ ಕ್ರಮವೇ ಬೇರೆ. ಈ ಬರಹದ ಯಾವ ಸಲಹೆಯನ್ನೂ ಅದಕ್ಕೆ ಅನ್ವಯಿಸಬಾರದು.

ಪುಲ್ಲರ್‌ಗಿಂತ ಮೊದಲು ಎದುರಾಗುವುದು ನಡುವಿನ ಬೋಲ್ಟು. ಎಂಜಿನ್ನಿನಲ್ಲಿರುವ ಅತ್ಯಂತ ಬಿಗಿಯಾದ ಬೋಲ್ಟುಗಳಲ್ಲಿ ಅದೂ ಒಂದು. ಅನೇಕ ಎಂಜಿನ್‌ಗಳಲ್ಲಿ 100ರಿಂದ 250 ನ್ಯೂಟನ್ ಮೀಟರ್ ನಡುವೆ ಬಿಗಿದಿರುತ್ತಾರೆ, ವರ್ಷಗಳ ತುಕ್ಕು ಸೇರಿದರೆ ಬಿಚ್ಚಲು ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಅರ್ಧ ಇಂಚು ಡ್ರೈವಿನ, ಕನಿಷ್ಠ 24 ಇಂಚು ಉದ್ದದ ಬ್ರೇಕರ್ ಬಾರ್ (ಸಾಕೆಟ್ ಸಿಕ್ಕಿಸಿ ತಿರುಗಿಸುವ ಉದ್ದನೆಯ ಹಿಡಿಕೆ) ಇರಲಿ. 70 ಕಿಲೋ ತೂಕದ ಮನುಷ್ಯ ಅದರ ತುದಿಗೆ ಪೂರ್ತಿ ಭಾರ ಹಾಕಿದರೆ ಸುಮಾರು 400 ನ್ಯೂಟನ್ ಮೀಟರ್ ದೊರೆಯುತ್ತದೆ, ಸಾಮಾನ್ಯವಾಗಿ ಅಷ್ಟು ಸಾಕು. ಸಾಕೆಟ್ ಮಾತ್ರ ಆರು ಮೂಲೆಯದೇ ಆಗಬೇಕು, ಸಾಧ್ಯವಿದ್ದರೆ ಇಂಪ್ಯಾಕ್ಟಿಗೆಂದೇ ಮಾಡಿದ ಕಪ್ಪು ಸಾಕೆಟ್. ಹನ್ನೆರಡು ಮೂಲೆಯ ಹೊಳೆಯುವ ಸಾಕೆಟ್ ಇಷ್ಟು ಬಲಕ್ಕೆ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ ಇಲ್ಲವೇ ತಾನೇ ಸೀಳುತ್ತದೆ. ವಿದ್ಯುತ್ತಿನ ಇಲ್ಲವೇ ಗಾಳಿಯ ಇಂಪ್ಯಾಕ್ಟ್ ಗನ್ ಇದ್ದರೆ ಈ ಬೋಲ್ಟು ಕ್ಷಣದಲ್ಲಿ ಬಿಚ್ಚಿಕೊಳ್ಳುತ್ತದೆ. ಆದರೆ ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋಗುವ ನಮ್ಮ ಕಡೆ ಅದನ್ನೊಂದೇ ನಂಬಿ ಕೂರುವಂತಿಲ್ಲ, ಬ್ಯಾಟರಿಯದಾದರೆ ಆಗಬಹುದು.

ಬೋಲ್ಟು ತಿರುಗಿಸುವಾಗ ಕ್ರ್ಯಾಂಕ್ ಕೂಡ ತಿರುಗುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬುದು ಅರ್ಧ ಸಮಸ್ಯೆ. ಟಾಪ್ ಗೇರಿಗೆ ಹಾಕಿ ಒಬ್ಬರು ಬ್ರೇಕ್ ಒತ್ತಿ ಹಿಡಿಯುವುದು ಎಲ್ಲರಿಗೂ ತಿಳಿದ ಉಪಾಯ, ಕೆಲವೊಮ್ಮೆ ಸಾಕಾಗುತ್ತದೆ. ಗೇರ್‌ಬಾಕ್ಸಿನ ಕಿಂಡಿಯಿಂದ ಫ್ಲೈವೀಲಿನ ಹಲ್ಲುಗಳಿಗೆ ಸಿಕ್ಕಿಸುವ ಲಾಕ್ ಇನ್ನೂ ಭದ್ರ. ಹಬ್ಬಿನ ತೂತುಗಳಿಗೆ ಎರಡು ಬೋಲ್ಟು ಹಾಕಿ ಹಿಡಿಯುವ, 10 ಮಿಲಿಮೀಟರ್ ದಪ್ಪದ ಎರಡು ಅಡಿ ಉದ್ದದ ಕಬ್ಬಿಣದ ಪಟ್ಟಿಯನ್ನು ಯಾವ ಲೇತ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ನನಗೆ ಅತಿ ಉಪಯೋಗಕ್ಕೆ ಬಂದದ್ದು ಇದೇ. ಹೋಂಡಾದ ಅನೇಕ ಎಂಜಿನ್‌ಗಳಲ್ಲಿ ಪುಲ್ಲಿಯ ನಡುವೆ 50 ಮಿಲಿಮೀಟರಿನ ಷಟ್ಕೋನ ಕುಳಿ ಇರುತ್ತದೆ, ಅದಕ್ಕೆ ಅದರದೇ ಹೋಲ್ಡರ್ ಕೊಳ್ಳಬೇಕು. ಚೈನ್ ರೆಂಚನ್ನು ಹೊರ ಬಳೆಗೆ ಸುತ್ತಿ ಹಿಡಿಯುವುದನ್ನು ಹಲವರು ಮಾಡುತ್ತಾರೆ. ಆದರೆ ಆಗ ಪೂರ್ತಿ ಬಲ ರಬ್ಬರಿನ ಮೂಲಕವೇ ಹಾದುಹೋಗುವುದರಿಂದ ಬಳೆ ಹಬ್ಬಿನ ಮೇಲೆ ಜಾರುವ ಅಪಾಯವಿದೆ, ಬೆಲ್ಟು ಕೂರುವ ತೋಡಿಗೂ ಗಾಯವಾಗುತ್ತದೆ.

ಬ್ರೇಕರ್ ಬಾರನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಒತ್ತಿ ಬೋಲ್ಟು ಬಿಚ್ಚುವ ವಿದ್ಯೆಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಿ ಬಿಟ್ಟುಬಿಡಿ. ಬಾರ್ ಕಳಚಿ ಹಾರಿದರೆ ಅದು ಎಲ್ಲಿಗೆ ಬೀಳುತ್ತದೆಂದು ಹೇಳಲಾಗದು.

ಟೈಮಿಂಗ್ ಬೆಲ್ಟಿನ ಅಥವಾ ಚೈನಿನ ಕೆಲವು ಹೊಸ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಹಲ್ಲುಚಕ್ರಕ್ಕೆ ಕೀ ಇರುವುದಿಲ್ಲ, ಈ ಬೋಲ್ಟಿನ ಬಿಗಿತವೊಂದೇ ಅದನ್ನು ಸ್ಥಾನದಲ್ಲಿ ಹಿಡಿದಿರುತ್ತದೆ. ಅಂಥ ಎಂಜಿನ್ನಿನಲ್ಲಿ ಟೈಮಿಂಗ್ ಲಾಕ್ ಮಾಡುವ, ಅಂದರೆ ಕ್ರ್ಯಾಂಕಿಗೂ ವಾಲ್ವುಗಳಿಗೂ ಇರುವ ಹೊಂದಿಕೆ ತಪ್ಪದಂತೆ ಹಿಡಿಯುವ ಸಲಕರಣೆ ಕೈಯಲ್ಲಿಲ್ಲದೆ ಬೋಲ್ಟನ್ನು ಸಡಿಲಿಸಲೇಬಾರದು. ಟೈಮಿಂಗ್ ಲಾಕಿನ ಪಿನ್ನುಗಳು ಸ್ಥಾನ ತೋರಿಸಲು ಮಾತ್ರ. ಬೋಲ್ಟು ಬಿಚ್ಚುವಾಗಿನ ಬಲವನ್ನು ಅವುಗಳ ಮೇಲೆ ಹಾಕಿದರೆ ಮುರಿಯುತ್ತವೆ.

ಇನ್ನು ಪುಲ್ಲರ್. ಹಬ್ಬಿನಲ್ಲಿ ಥ್ರೆಡ್ಡಿನ ತೂತುಗಳಿದ್ದರೆ ಬೇಕಾದದ್ದು ಬೋಲ್ಟ್ ಮಾದರಿಯ ಪುಲ್ಲರ್: ಮೂರು ಸೀಳುಗಳಿರುವ ದಪ್ಪ ಉಕ್ಕಿನ ತಟ್ಟೆ, ನಡುವೆ ಒಂದು ತಿರುಪು, ಸುತ್ತ ಹಬ್ಬಿಗೆ ಹಾಕುವ ಉದ್ದನೆಯ ಬೋಲ್ಟುಗಳು. ಸ್ಟಿಯರಿಂಗ್ ವೀಲ್ ಕಳಚಲೂ ಇದೇ ಬಳಕೆಯಾಗುವುದರಿಂದ ಹಣ ದಂಡವಾಗದು. ಇದನ್ನು ಕೊಳ್ಳುವಾಗ ಜನ ತಟ್ಟೆಯ ದಪ್ಪವನ್ನು ನೋಡುತ್ತಾರೆ, ನೋಡಬೇಕಾದದ್ದು ಬೋಲ್ಟಿನ ತಲೆಯನ್ನು. 18 ಮಿಲಿಮೀಟರಿನ ನಡು ತಿರುಪನ್ನು 100 ನ್ಯೂಟನ್ ಮೀಟರಿನಷ್ಟು, ಅಂದರೆ ಒಂದು ಸಾಧಾರಣ ಪಾನಾದಲ್ಲಿ ಸ್ವಲ್ಪ ಜೋರಾಗಿ ತಿರುಗಿಸಿದರೆ, ಅದು ಸುಮಾರು 2.8 ಟನ್ ಬಲದಿಂದ ಎಳೆಯುತ್ತದೆ. ಹಾರ್ಡ್‌ವೇರ್ ಅಂಗಡಿಯ 4.6 ದರ್ಜೆಯ ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟು ಶಾಶ್ವತವಾಗಿ ಹಿಗ್ಗದೆ ತಾಳಬಲ್ಲದ್ದು ಸುಮಾರು 0.8 ಟನ್, ಮೂರು ಸೇರಿದರೂ 2.5 ಟನ್ನಿನಷ್ಟೇ. ಅದೇ 8.8 ದರ್ಜೆಯ ಮೂರು ಎಂ8 ಬೋಲ್ಟುಗಳು 6 ಟನ್ನಿಗೂ ಹೆಚ್ಚು ತಾಳುತ್ತವೆ. ತಲೆಯ ಮೇಲೆ 8.8 ಅಥವಾ 10.9 ಎಂದು ಒತ್ತಿಲ್ಲದ ಬೋಲ್ಟನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಅದು ಹಬ್ಬಿನೊಳಗೆ ತುಂಡಾದರೆ ಆಮೇಲೆ ಡ್ರಿಲ್ ಮಾಡಿ ತೆಗೆಯುವ ಪಾಡು ಪುಲ್ಲಿ ಕಳಚುವುದಕ್ಕಿಂತ ದೊಡ್ಡದು.

ಬೋಲ್ಟಿನ ಥ್ರೆಡ್ಡಿನ ಬಗೆಗೂ ಎಚ್ಚರ ಬೇಕು. ಕೊಡಗಿನ ತೋಟಗಳಲ್ಲಿ ವಿಲ್ಲೀಸ್ ಮೂಲದ ಹಳೆಯ ಜೀಪುಗಳೂ, ಪೆಜೊ ಮೂಲದ ಡೀಸೆಲ್ ಎಂಜಿನ್ನಿನ ಮಹೀಂದ್ರಗಳೂ ಒಂದೇ ಶೆಡ್ಡಿನಲ್ಲಿ ನಿಂತಿರುವುದುಂಟು. ಮೊದಲನೆಯವು ಇಂಚಿನ ಥ್ರೆಡ್ಡಿನವು, ಎರಡನೆಯವು ಮೆಟ್ರಿಕ್. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿಲಿಮೀಟರ್, ಎಂ8 ಬೋಲ್ಟಿನದು 8. ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ಅಂತರ ಮೊದಲನೆಯದರ ಒರಟು ಥ್ರೆಡ್ಡಿನಲ್ಲಿ 1.41 ಮಿಲಿಮೀಟರ್, ಎರಡನೆಯದರಲ್ಲಿ 1.25. ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾಯಿತೆಂದರೆ ಅಲ್ಲಿಗೆ ನಿಲ್ಲಿಸಿ ಥ್ರೆಡ್ ಗೇಜ್ ಹಿಡಿದು ನೋಡಬೇಕು, ಪಾನಾ ಹಾಕಿ ಒತ್ತಾಯ ಮಾಡಬಾರದು. ಹೊಳೆ ದಾಟಿ ಕೆಸರಿನಲ್ಲಿ ಓಡಾಡಿದ ಜೀಪಿನಲ್ಲಿ ಈ ತೂತುಗಳಿಗೆ ಕೆಮ್ಮಣ್ಣು ತುಂಬಿ ಗಟ್ಟಿಯಾಗಿರುತ್ತದೆ. ತಕ್ಕ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ ಮೊದಲು ಶುಚಿಗೊಳಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು ಮೇಲು. ಬೋಲ್ಟು ಹಬ್ಬಿನೊಳಗೆ ತನ್ನ ದಪ್ಪದ ಒಂದೂವರೆ ಪಾಲಿನಷ್ಟಾದರೂ, ಅಂದರೆ ಎಂ8ಕ್ಕೆ 12 ಮಿಲಿಮೀಟರಿನಷ್ಟು, ಇಳಿದಿರಬೇಕು. ತೂತು ಆರಪಾರ ಇದ್ದರೆ ಅತಿ ಉದ್ದದ ಬೋಲ್ಟು ಹಿಂದಿನ ಟೈಮಿಂಗ್ ಕವರನ್ನು ತಿವಿದು ತೂತು ಮಾಡಬಹುದು, ಅದನ್ನೂ ಅಳೆದುಕೊಳ್ಳಿ.

ಕಿಂಡಿಗಳಿರುವ ಪುಲ್ಲಿಯಾದರೆ ಮೂರು ಕಾಲಿನ ಪುಲ್ಲರ್ ಬೇಕು. ಆದರೆ ಸಾಮಾನ್ಯ ಬೇರಿಂಗ್ ಪುಲ್ಲರಿನ ಕಾಲುಗಳು ಅಗಲ, ಕೊಕ್ಕೆ ದಪ್ಪ. ಅವು ಕಿಂಡಿಯೊಳಗೆ ಇಳಿದು ಹಬ್ಬಿನ ಬೆನ್ನು ಹಿಡಿಯುವುದಿಲ್ಲ. ಬ್ಯಾಲೆನ್ಸರಿಗೆಂದೇ ಮಾಡಿದ ಮೂರು ಕಾಲಿನ ಪುಲ್ಲರಿನಲ್ಲಿ ಕಾಲುಗಳು ಕಿರಿದಾಗಿ, ಕೊಕ್ಕೆ ಚಪ್ಪಟೆಯಾಗಿ ಇರುತ್ತದೆ. ಎರಕದ ಕಾಲಿಗಿಂತ ಬಡಿದು ಮಾಡಿದ ಫೋರ್ಜ್ಡ್ ಕಾಲು ಒಳ್ಳೆಯದು. ಎರಡು ಕಾಲಿನದು ಬೇಡ. ಎಳೆತ ಓರೆಯಾಗುತ್ತದೆ, ಓರೆಯಾದ ಹಬ್ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ರಬ್ಬರೇ ಇಲ್ಲದ, ಇಡೀ ಎರಕದ ಸಾದಾ ಪುಲ್ಲಿಯಾದರೆ ಹೊರ ಅಂಚಿನಿಂದ ಎಳೆದರೂ ಹರಿಯಲು ಏನೂ ಇಲ್ಲ, ಆದರೆ ಅಂಚು ಸಿಡಿಯದಂತೆ ಮೆಲ್ಲಗೆ ಎಳೆಯಬೇಕು. ಕೆಲವು ಎಂಜಿನ್‌ಗಳಲ್ಲಂತೂ ಬೋಲ್ಟು ತೆಗೆದ ಮೇಲೆ ಪುಲ್ಲಿ ಕೈಯಲ್ಲೇ ಜಾರಿ ಬರುತ್ತದೆ. ಮೊದಲು ಎರಡೂ ಕೈಯಿಂದ ಅಲುಗಿಸಿ ನೋಡಿಯೇ ಮುಂದಿನ ಮಾತು.

ಯಾವ ಮಾದರಿಯದಾದರೂ, ನಡು ತಿರುಪಿನ ತುದಿ ಎಲ್ಲಿ ಒತ್ತುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಬೋಲ್ಟು ತೆಗೆದ ಮೇಲೆ ಕ್ರ್ಯಾಂಕಿನ ಮೂಗಿನಲ್ಲಿ, ಅಂದರೆ ಅದರ ಮುಂತುದಿಯಲ್ಲಿ, ಥ್ರೆಡ್ಡಿನ ಕುಳಿ ಉಳಿಯುತ್ತದೆ. ಪುಲ್ಲರಿನ ಚೂಪು ತುದಿ ನೇರವಾಗಿ ಅದರೊಳಗೆ ಹೋದರೆ ಮೊದಲ ಥ್ರೆಡ್ಡುಗಳು ಅರೆದುಹೋಗುತ್ತವೆ, ಆಗ ಕೆಡುವುದು ಪುಲ್ಲಿಯಲ್ಲ, ಕ್ರ್ಯಾಂಕ್‌ಶಾಫ್ಟು. ಒಳ್ಳೆಯ ಸೆಟ್ಟಿನಲ್ಲಿ ಇದಕ್ಕೆಂದೇ ಬೇರೆ ಬೇರೆ ಉದ್ದದ ಸರಳುಗಳೂ ಟೋಪಿಗಳೂ ಬರುತ್ತವೆ: ಸರಳು ಕುಳಿಯ ತಳಕ್ಕೆ ಮುಟ್ಟಿ ಬಲವನ್ನು ಅಲ್ಲಿ ಹೊರುತ್ತದೆ, ಟೋಪಿ ಮೂಗಿನ ಅಂಚಿನ ಮೇಲೆ ಕೂರುತ್ತದೆ. ಟೋಪಿ ಹಬ್ಬಿನ ತೂತಿಗಿಂತ ಸಣ್ಣದಿರಬೇಕು, ಇಲ್ಲದಿದ್ದರೆ ಹಬ್ಬೇ ಅದಕ್ಕೆ ತಾಗಿ ನಿಲ್ಲುತ್ತದೆ. ಇವಿಲ್ಲದ ಅಗ್ಗದ ಸೆಟ್ ಕೊಂಡವರು ಹಳೆಯ ಬೋಲ್ಟನ್ನೇ ವಾಷರ್ ತೆಗೆದು ಕೆಲವು ಸುತ್ತು ಹೊರಗುಳಿಯುವಂತೆ ಹಾಕಿ ಅದರ ತಲೆಯ ಮೇಲೆ ಒತ್ತುತ್ತಾರೆ. ತಲೆ ಹಬ್ಬಿನ ತೂತಿನೊಳಗೆ ಹಾಯುವಂತಿದ್ದರೆ ಮಾತ್ರ ಇದು ನಡೆಯುತ್ತದೆ, ಆದರೂ ಬಲವೆಲ್ಲ ಥ್ರೆಡ್ಡಿನ ಮೇಲೆಯೇ ಬೀಳುವುದರಿಂದ ನಾನು ಇದನ್ನು ಒಪ್ಪುವುದಿಲ್ಲ. ಲೇತಿನಲ್ಲಿ ಒಂದು ಉಕ್ಕಿನ ಸರಳು ಕಡಿಸಿಕೊಂಡರೆ ಮುಗಿಯುವ ಕೆಲಸ. ತಿರುಪಿಗೆ ಗ್ರೀಸ್ ಹಚ್ಚಿ, ಕೈ ಪಾನಾದಿಂದಲೇ ತಿರುಗಿಸಿ. ಇಂಪ್ಯಾಕ್ಟ್ ಗನ್ನಿನಲ್ಲಿ ತಿರುಗಿಸಿದರೆ ಏನು ಎಷ್ಟು ಬಿಗಿಯಾಗುತ್ತಿದೆ ಎಂಬುದು ಕೈಗೆ ತಿಳಿಯುವುದೇ ಇಲ್ಲ.

ಜಾಗದ ಮಾತು ಚಿಕ್ಕದು. ಜೀಪಿನಲ್ಲಿ ಎಂಜಿನ್ ಉದ್ದಕ್ಕೆ ಕೂತಿರುವುದರಿಂದ ಫ್ಯಾನು, ರೇಡಿಯೇಟರ್ ತೆಗೆದರೆ ಬೇಕಾದಷ್ಟು ಜಾಗ ಸಿಗುತ್ತದೆ. ಎಂಜಿನ್ ಅಡ್ಡಕ್ಕಿರುವ ಕಾರುಗಳಲ್ಲಿ ಚಕ್ರ ಕಳಚಿ ಮಡ್‌ಗಾರ್ಡಿನ ಒಳಗಿನಿಂದ ಕೆಲಸ ಮಾಡಬೇಕು, ಅಲ್ಲಿ ಗಿಡ್ಡ ತಿರುಪಿನ ಪುಲ್ಲರ್ ಮಾತ್ರ ಹಿಡಿಸುತ್ತದೆ. ಇಳಿಜಾರಿನ ಅಂಗಳದಲ್ಲಿ ಈ ಕೆಲಸ ಬೇಡ. ತೋಟದಲ್ಲಿ ಸಮತಟ್ಟಾದ ನೆಲವೆಂದರೆ ಕಾಫಿ ಒಣಗಿಸುವ ಕಣವೇ ನೆನಪಾಗುತ್ತದೆ, ಆದರೆ ಅಲ್ಲಿ ಎಂಜಿನ್ ಆಯಿಲ್ ಚೆಲ್ಲಿದರೆ ಮುಂದಿನ ಕೊಯ್ಲಿನ ಕಾಫಿಗೆ ವಾಸನೆ ಹಿಡಿಯುತ್ತದೆ. ಶೆಡ್ಡಿನ ನೆಲವೇ ವಾಸಿ.

ಪುಲ್ಲಿ ಹೊರಗೆ ಬರುವ ಮೊದಲು ವರ್ನಿಯರಿನಿಂದ ಹಬ್ಬಿನ ಮುಖಕ್ಕೂ ಕ್ರ್ಯಾಂಕಿನ ಮೂಗಿಗೂ ಇರುವ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಿ. ಮರಳಿ ಕೂರಿಸುವಾಗ ಪೂರ್ತಿ ಕೂತಿತೋ ಇಲ್ಲವೋ ಎಂದು ತಿಳಿಸುವುದು ಈ ಅಳತೆಯೇ. ಹಬ್ಬಿನ ಮೇಲೆ ಸೀಲ್ ಉಜ್ಜುವ ಕಡೆ ಉಗುರಿಗೆ ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಸೋರುತ್ತದೆ. ತೆಳುವಾದ ರಿಪೇರಿ ಸ್ಲೀವ್ ಹಾಕಬೇಕು, ಅಥವಾ ಪುಲ್ಲಿಯನ್ನೇ ಬದಲಿಸಬೇಕು.

ಕೂರಿಸುವ ಸಲಕರಣೆ ಬೇರೆಯೇ. ಕಳಚಲು ಪುಲ್ಲರ್ ಕೊಂಡವರಲ್ಲಿ ಅನೇಕರು ಇಲ್ಲಿ ಕೈಬಿಟ್ಟು ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಬಡಿಯುತ್ತಾರೆ. ಆ ಏಟು ಹಬ್ಬಿನಿಂದ ಕ್ರ್ಯಾಂಕಿಗೆ, ಕ್ರ್ಯಾಂಕಿನಿಂದ, ಅದು ಹಿಂದೆ ಮುಂದೆ ಸರಿಯದಂತೆ ತಡೆಯುವ ಒಳಗಿನ ಥ್ರಸ್ಟ್ ವಾಷರಿಗೆ ಹೋಗುತ್ತದೆ. ಸ್ವಲ್ಪ ತಪ್ಪಿ ಹೊರ ಬಳೆಯ ಮೇಲೆ ಬಿದ್ದರೆ ರಬ್ಬರಿನ ಕಥೆ ಮುಗಿಯಿತು. ಇನ್ನು ಕೆಲವರು ನಡುವಿನ ಬೋಲ್ಟನ್ನೇ ತಿರುಗಿಸಿ ಪುಲ್ಲಿಯನ್ನು ಒಳಗೆ ಎಳೆಯುತ್ತಾರೆ. ಪುಲ್ಲಿ ಹೊರಗಿರುವಾಗ ಬೋಲ್ಟಿನ ಎರಡು ಮೂರು ಥ್ರೆಡ್ಡು ಮಾತ್ರ ಕ್ರ್ಯಾಂಕನ್ನು ಹಿಡಿದಿರುತ್ತವೆ, ಟನ್ನುಗಟ್ಟಲೆ ಎಳೆತ ಅಷ್ಟರ ಮೇಲೆಯೇ ಬೀಳುತ್ತದೆ. ಥ್ರೆಡ್ ಕಿತ್ತುಬಂದರೆ ಎಂಜಿನ್ ಇಳಿಸುವ ಗತಿ ಬರಬಹುದು.

ಇನ್‌ಸ್ಟಾಲರಿನ ರಚನೆ ಸರಳ. ಒಂದು ಉದ್ದನೆಯ ಉಕ್ಕಿನ ಸ್ಟಡ್. ಅದರ ಒಂದು ತುದಿಯ ಥ್ರೆಡ್ ಕ್ರ್ಯಾಂಕಿನ ಕುಳಿಗೆ ಹೊಂದುತ್ತದೆ, ಇನ್ನೊಂದು ತುದಿಯಲ್ಲಿ ದೊಡ್ಡ ನಟ್, ನಟ್ಟಿಗೂ ಹಬ್ಬಿಗೂ ನಡುವೆ ಥ್ರಸ್ಟ್ ಬೇರಿಂಗ್ ಮತ್ತು ದಪ್ಪ ವಾಷರ್. ಸ್ಟಡ್ಡನ್ನು ಕ್ರ್ಯಾಂಕಿನೊಳಗೆ ಕೈಯಲ್ಲೇ ಪೂರ್ತಿ ತಿರುಗಿಸಿ, ನಂತರ ಸ್ಟಡ್ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಬೇಕು. ಬೇರಿಂಗ್ ಇರುವುದರಿಂದ ತಿರುಗುವ ಉಜ್ಜಾಟ ಹಬ್ಬಿಗೆ ತಾಗದೆ ನೇರ ತಳ್ಳುವ ಬಲ ಮಾತ್ರ ತಾಗುತ್ತದೆ. ಕೊಳ್ಳುವಾಗ ನೋಡಬೇಕಾದ ಮುಖ್ಯ ಸಂಗತಿ ಥ್ರೆಡ್. ಹೊರದೇಶದ ಸೆಟ್ಟುಗಳು ಹೆಚ್ಚಾಗಿ ಅಮೆರಿಕದ ಎಂಜಿನ್‌ಗಳಿಗೆ ಮಾಡಿದವು. ಅವುಗಳಲ್ಲಿ ಷೆವ್ರೊಲೆಯ ಹಳೆಯ ವಿ8ಗಳಿಗೆ ಬೇಕಾದ 7/16 ಮತ್ತು 1/2 ಇಂಚು ದಪ್ಪದ, ಇಂಚಿಗೆ 20 ಥ್ರೆಡ್ಡಿರುವ ತುದಿಗಳು ಇರುತ್ತವೆ, ಎಂ16ರಲ್ಲಿ 2.0 ಅಂತರದ್ದು ಇರುತ್ತದೆ. ನಮ್ಮ ವಾಹನದ ಬೋಲ್ಟು ಎಂ14 ಇದ್ದು 1.5 ಅಂತರದ್ದಾದರೆ ಆ ಇಡೀ ಪೆಟ್ಟಿಗೆಯಲ್ಲಿ ಹೊಂದುವ ತುದಿಯೇ ಇಲ್ಲದಿರಬಹುದು. ಬಿಚ್ಚಿದ ಬೋಲ್ಟನ್ನೇ ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ಖಚಿತ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವುದಾದರೂ ಅಷ್ಟೇ.

ಸಿಗದಿದ್ದರೆ ಮಾಡಿಸಿಕೊಳ್ಳಬಹುದು. 10.9 ದರ್ಜೆಯ ಉದ್ದನೆಯ ಬೋಲ್ಟಿನ ತಲೆ ಕತ್ತರಿಸಿ ಅಲ್ಲಿ ಪಾನಾ ಹಿಡಿಯುವಂತೆ ಎರಡು ಕಡೆ ಚಪ್ಪಟೆ ಮಾಡಿಸಿ, ಬೇಕಾದ ಥ್ರೆಡ್ ಹಾಕಿಸಿದರೆ ಸ್ಟಡ್ ತಯಾರು. 16 ಮಿಲಿಮೀಟರಿನ ಸ್ಟಡ್ಡಿಗೆ 51103 ಸಂಖ್ಯೆಯ ಥ್ರಸ್ಟ್ ಬೇರಿಂಗ್ ಸರಿಹೋಗುತ್ತದೆ, ಅದರ ಒಳ ತೂತು 17 ಮಿಲಿಮೀಟರ್. ಮೀಟರಿನ ಲೆಕ್ಕದಲ್ಲಿ ಮಾರುವ ಥ್ರೆಡ್ ಸರಳು ಮಾತ್ರ ಬೇಡ. ಅದು ಮೆದು ಕಬ್ಬಿಣ, ಎಳೆದರೆ ಹಿಗ್ಗುತ್ತದೆ.

ಹಬ್ಬನ್ನು ಬಿಸಿ ಮಾಡಿ ಕೂರಿಸುವುದು ಸಲಕರಣೆಯ ಬದಲಿಗಲ್ಲ, ಸಲಕರಣೆಗೆ ನೆರವಾಗಿ. 40 ಮಿಲಿಮೀಟರಿನ ಉಕ್ಕಿನ ತೂತು 70 ಡಿಗ್ರಿ ಬಿಸಿಯೇರಿದರೆ ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ, ಬಿಗಿ ಕೂರಿಕೆಯಲ್ಲಿ ಅದು ಸಣ್ಣ ಸಹಾಯವಲ್ಲ. ಗ್ಯಾಸ್ ಜ್ವಾಲೆ ರಬ್ಬರನ್ನು ಸುಡುತ್ತದೆ, ಆದ್ದರಿಂದ ಬಚ್ಚಲ ಹಂಡೆಯ ಕುದಿನೀರಿನಲ್ಲಿ ಪುಲ್ಲಿಯನ್ನು ಹತ್ತು ನಿಮಿಷ ಮುಳುಗಿಸಿಟ್ಟು, ದಪ್ಪ ಬಟ್ಟೆಯಲ್ಲಿ ಹಿಡಿದು ಬೇಗನೆ ಒರೆಸಿ ಹಾಕುವುದು ನನ್ನ ರೂಢಿ. ಹಂಡೆಗೆ ಹಾಕುವ ಮೊದಲು ಗ್ರೀಸನ್ನು ತೊಳೆಯದಿದ್ದರೆ ಮನೆಯವರಿಂದ ಏನು ಕೇಳಬೇಕಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೀ ತನ್ನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ, ಸೀಲಿನ ತುಟಿಗೆ ಎಂಜಿನ್ ಆಯಿಲ್ ಸವರಿಯೇ ಪುಲ್ಲಿಯನ್ನು ಒಳಗೆ ಒತ್ತಬೇಕು.

ಕೊನೆಗೆ ಬಿಗಿಯಲು ಟಾರ್ಕ್ ರೆಂಚ್ ಬೇಕು, ಅದನ್ನು ಬಿಚ್ಚಲು ಬಳಸಬಾರದು. ಬೇಕಾದ ಬಿಗಿತ ರೆಂಚಿನ ಅಳತೆಯ ಮೇಲ್ತುದಿಗೆ ತೀರ ಹತ್ತಿರವಿರದಂಥದ್ದನ್ನು ಆರಿಸಿ. ಕೈಪಿಡಿಯಲ್ಲಿ ಕೆಜಿ ಮೀಟರಿನಲ್ಲಿ ಕೊಟ್ಟಿದ್ದರೆ 9.8ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ. ಇಷ್ಟು ಬಿಗಿದು ಮತ್ತೆ ಇಷ್ಟು ಡಿಗ್ರಿ ತಿರುಗಿಸಿ ಎಂದು ಬರೆದಿದ್ದರೆ ಕೋನ ಅಳೆಯುವ ಗೇಜ್ ಕೂಡ ಬೇಕು. ಅಂಥ ಬೋಲ್ಟು ಬಹುಪಾಲು ಒಂದೇ ಬಾರಿ ಬಳಸುವಂಥದ್ದು, ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ಹಬ್ಬಿನಿಂದ ರಬ್ಬರನ್ನು ದಾಟಿ ಹೊರ ಬಳೆಯವರೆಗೆ ಬಿಳಿ ಬಣ್ಣದಿಂದ ಒಂದು ನೇರ ಗೆರೆ ಎಳೆಯಿರಿ. ಕೊಯ್ಲು ಮುಗಿದ ಮೇಲೆ ಬಾನೆಟ್ ಎತ್ತಿ ನೋಡಿದಾಗ ಆ ಗೆರೆ ಮುರಿದು ಎರಡು ತುಂಡಾಗಿ ಕಂಡರೆ ಬಳೆ ಹಬ್ಬಿನ ಮೇಲೆ ಜಾರಿದೆ, ಟೈಮಿಂಗ್ ಗುರುತು ಬಳೆಯ ಮೇಲಿದ್ದರೆ ಅದನ್ನೂ ನಂಬುವಂತಿಲ್ಲ, ಪುಲ್ಲರನ್ನು ಮತ್ತೊಮ್ಮೆ ಹೊರತೆಗೆಯಬೇಕು.